ರಾಚವ್ವನ ಇಸಿಜಿ

ರಾಚವ್ವನಿಗೆ ಫಿಟ್ಸ್ ಇದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನಲ್ಲಿ ತಮ್ಮ ಶೆಟ್ಟೆಪ್ಪನ ಸಂಸಾರದ ಜೊತೆ ಅವಳು ಇಪ್ಪತ್ತು ವರ್ಷದಿಂದ ಇದ್ದಳು. ಬಿಲ್ಡಿಂಗಿನವರು ಕೇಳಿದರೆ ಶೆಟ್ಟೆಪ್ಪನ ಹೆಂಡತಿ ವೈಶಾಲಿ, ಅವರಿಗೆ ಬಿ.ಪಿ. ಇದೆ, ತಲೆ ತಿರುಗುತ್ತದೆ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ರಾಚವ್ವ ಬಚ್ಚಲಿಗೆ ಹೋದಾಗ ಚಿಲಕ ಹಾಕುವಂತಿರಲಿಲ್ಲ. ಒಬ್ಬಳೇ ರಸ್ತೆ ದಾಟುವಂತಿರಲಿಲ್ಲ. ದಿನಕ್ಕೆ ಎರಡು ಹೊತ್ತು ಗುಳಿಗೆ ತಿಂದು, ಮಧ್ಯಾಹ್ನವೆಲ್ಲ ಮಂಪರಿನಲ್ಲಿ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು.

ಅವರ ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆಯದು. ಹದಿನೆಂಟನೆಯ ವಯಸ್ಸಿಗೆ ಅವಳನ್ನು ಸೊಲ್ಲಾಪುರದ ಹತ್ತಿರ ಒಂದು ಮನೆಗೆ ಕೊಟ್ಟಿದ್ದರು. ಮೈದುನನ ಮದುವೆಯ ಮೆರವಣಿಗೆಯಲ್ಲಿ ಕಾಲ ಬುಡದಲ್ಲೇ ಪಟಾಕಿಯ ಸರ ಸಿಡಿದಾಗ ಅವಳು ನಿಂತಲ್ಲೇ ಬಿದ್ದಳು, ಕೈಕಾಲು ಸೆಟೆದವು. ಮತ್ತೊಮ್ಮೆ ಅಡುಗೆಮನೆಯಲ್ಲಿ ಪರಾತ ಕೆಳಗೆ ಬಿದ್ದ ಸಪ್ಪಳಕ್ಕೆ ಹಾಗೇ ಆಯಿತು. ವರ್ಷ ತುಂಬುವ ಮೊದಲೇ ಗಂಡನ ಮನೆಯವರು ಅವಳನ್ನು ತಂದು ತವರಿನ ಅಂಗಳದಲ್ಲಿ ನಿಲ್ಲಿಸಿ, ರೋಗ ಮುಚ್ಚಿಟ್ಟು ಕೊಟ್ಟಿರಿ ಎಂದು ನಾಲ್ಕು ಮಂದಿಗೆ ಕೇಳುವಂತೆ ಹೇಳಿ ಹೋದರು. ಆಗ ತಾಲೂಕಿನ ಡಾಕ್ಟರೊಬ್ಬರು ಫಿಟ್ಸಿನ ಗುಳಿಗೆ ಶುರು ಮಾಡಿದರು. ಅವಳು ಆಮೇಲೆ ಬಿದ್ದದ್ದು ಅಪರೂಪಕ್ಕೆ. ಆದ್ದರಿಂದ ಗುಳಿಗೆ ನಾಟಿದೆ ಎಂದೇ ಎಲ್ಲರೂ ತಿಳಿದರು. ತಂದೆತಾಯಿ ತೀರಿಕೊಂಡ ಮೇಲೆ ಊರಲ್ಲೇ ಇದ್ದ ಕಿರಿಯ ತಮ್ಮ ಸಿದ್ದರಾಮಪ್ಪ, ತನ್ನ ಹೆಂಡತಿಗೆ ಇದೆಲ್ಲ ನೋಡಿಕೊಳ್ಳಲು ಆಗುವುದಿಲ್ಲ ಎಂದ. ಶೆಟ್ಟೆಪ್ಪ ಎರಡು ಮಾತಾಡದೆ ಅಕ್ಕನನ್ನು ಮುಂಬಯಿಗೆ ಕರೆತಂದ.

ಶೆಟ್ಟೆಪ್ಪನಿಗೆ ಒಬ್ಬಳೇ ಮಗಳು, ಸ್ನೇಹಲ್. ಇಪ್ಪತ್ನಾಲ್ಕು ವರ್ಷ. ಅಂಧೇರಿಯ ಒಂದು ಇನ್ಶುರೆನ್ಸ್ ಕಂಪನಿಯಲ್ಲಿ ಕೆಲಸ. ವಡಾಳಾದಿಂದ ಹಾರ್ಬರ್ ಲೋಕಲ್ ಹಿಡಿದು ಹೋಗಿಬರುತ್ತಿದ್ದಳು. ಹೋದ ವರ್ಷ ಆಗಸ್ಟಿನಲ್ಲಿ ಒಂದು ಮಂಗಳವಾರ ಅವಳ ಆಫೀಸಿನಲ್ಲಿ ಬೆಂಕಿಯ ಅಲಾರಾಂ ಪರೀಕ್ಷೆ ಮಾಡಿದರು. ಮುಂಚೆ ಇ-ಮೇಲ್ ಬಂದಿತ್ತಂತೆ, ಸ್ನೇಹಲ್ ಓದಿರಲಿಲ್ಲ. ತಲೆಯ ಮೇಲೆಯೇ ಸೈರನ್ ಕೂಗಿತು. ಅವಳು ಕುರ್ಚಿಯಿಂದ ಪಕ್ಕಕ್ಕೆ ಜಾರಿ ಬಿದ್ದಳು. ಬೇರೆಯವರು ಗಾಬರಿಯಾದಳೆಂದು ನೀರು ತರಲು ಓಡಿದರು. ತಿಲಕ್ ಎಂಬ ಸಹೋದ್ಯೋಗಿ, ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದವನು, ನಾಡಿ ಸಿಗುತ್ತಿಲ್ಲ ಎಂದು ತಿಳಿದ ತಕ್ಷಣ ಎದೆ ಒತ್ತಲು ಶುರು ಮಾಡಿದ. ಕೆಳಗಿನ ಲಾಬಿಯಲ್ಲಿ ಗೋಡೆಗೆ ಹಾಕಿದ್ದ ಶಾಕ್ ಕೊಡುವ ಪೆಟ್ಟಿಗೆಯನ್ನು ಸೆಕ್ಯುರಿಟಿಯವನು ಮೇಲೆ ತಂದ. ಎರಡನೆಯ ಶಾಕಿಗೆ ಸ್ನೇಹಲ್ ಉಸಿರೆಳೆದಳು.

ಆಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಡಾಕ್ಟರ್ ವಿಜೇತಾ. ಕುಂದಾಪುರದ ಕಡೆಯವರಾದ್ದರಿಂದ ಕನ್ನಡದಲ್ಲೇ ಮಾತಾಡಿದರು. ಶೆಟ್ಟೆಪ್ಪ ಮತ್ತು ವೈಶಾಲಿಯನ್ನು ಕೂರಿಸಿಕೊಂಡು, ಮಗಳ ಹೃದಯದಲ್ಲಿ ಬ್ಲಾಕ್ ಇಲ್ಲ, ತೂತಿಲ್ಲ, ನೋಡಲು ಅದು ಗಟ್ಟಿಮುಟ್ಟಾಗಿಯೇ ಇದೆ ಎಂದರು. ಒಂದು ಬಡಿತ ಆದ ಮೇಲೆ ಮುಂದಿನದಕ್ಕೆ ಹೃದಯ ತಯಾರಾಗಬೇಕಲ್ಲ, ಅದು ಇವಳಿಗೆ ನಿಧಾನ. ಆ ಹೊತ್ತಿನಲ್ಲಿ ಫಕ್ಕನೆ ದೊಡ್ಡ ಸದ್ದಾದರೆ ತಾಳ ತಪ್ಪಿ ಬಿಡುತ್ತದೆ. ಲಾಂಗ್ ಕ್ಯೂಟಿ ಎಂದು ಅದರ ಹೆಸರು. ಅಪರೂಪದ್ದು, ಹುಟ್ಟಿನಿಂದ ಬಂದದ್ದು, ಹೆಚ್ಚಾಗಿ ತಂದೆಯಿಂದಲೋ ತಾಯಿಯಿಂದಲೋ ಬರುವಂಥದ್ದು. ಹೀಗೆ ವಿವರಿಸಿ, ಮನೆತನದಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡದ್ದು ಉಂಟೋ, ಬಿದ್ದು ಎಚ್ಚರ ತಪ್ಪುವವರು ಉಂಟೋ, ಫಿಟ್ಸ್ ಇರುವವರು ಉಂಟೋ ಎಂದು ಒಂದೊಂದಾಗಿ ಕೇಳಿದರು.

ಶೆಟ್ಟೆಪ್ಪ ಎಲ್ಲದಕ್ಕೂ ಇಲ್ಲ ಎಂದ. ಆಮೇಲೆ, ವೈಶಾಲಿಯ ಸೋದರಮಾವ ಒಬ್ಬರು ನಲವತ್ತೈದಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋದರು ಎಂದು ಸೇರಿಸಿದ. ವೈಶಾಲಿ ಗಂಡನ ಮುಖ ನೋಡಿದಳು. ಆ ಸೋದರಮಾವ ದಿನಕ್ಕೆ ಎರಡು ಪಾಕೀಟು ಸಿಗರೇಟು ಸೇದುತ್ತಿದ್ದರು. ಅವಳು ಅದನ್ನೂ ಹೇಳಲಿಲ್ಲ, ರಾಚವ್ವನ ಹೆಸರನ್ನೂ ಎತ್ತಲಿಲ್ಲ. ಮಗಳು ಗಾಜಿನ ಆಚೆ ಮಲಗಿದ್ದಾಗ ಗಂಡನ ಜೊತೆ ಡಾಕ್ಟರ ಎದುರಿಗೆ ಜಗಳ ತೆಗೆಯುವುದು ಅವಳಿಗೆ ಬೇಡವಾಗಿತ್ತು. ವೈಶಾಲಿಯ ಇಸಿಜಿ ತೆಗೆದರು, ಸರಿಯಾಗಿ ಬಂತು. ಶೆಟ್ಟೆಪ್ಪ ನಾಳೆ ಮಾಡಿಸುತ್ತೇನೆ ಎಂದವನು ಮಾಡಿಸಲಿಲ್ಲ.

ಅವನು ಸುಳ್ಳು ಹೇಳಿದ್ದಕ್ಕೆ ಕಾರಣ ಸರಳವಾಗಿತ್ತು. ಸ್ನೇಹಲಳಿಗೆ ಬೆಳಗಾವಿಯ ಒಂದು ಸಂಬಂಧ ಬಂದು ಅರ್ಧ ಕೂಡಿತ್ತು. ಹುಡುಗಿಗೆ ಹೃದಯದ ತೊಂದರೆ, ಮೇಲೆ ಮನೆತನದಲ್ಲಿ ಫಿಟ್ಸ್ ಬೇರೆ ಎಂದರೆ ಮುಂದೆ ಯಾರೂ ಮೆಟ್ಟಿಲು ಹತ್ತುವುದಿಲ್ಲ ಎಂದು ಅವನು ಹೆದರಿದ್ದ. ಫಿಟ್ಸು ತಲೆಯ ರೋಗ, ಇದು ಎದೆಯದು, ಒಂದಕ್ಕೊಂದು ಏನು ಸಂಬಂಧ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಸ್ನೇಹಲಳ ಎಡಗಡೆಯ ಭುಜದ ಕೆಳಗೆ ಚರ್ಮದೊಳಗೆ ಒಂದು ಪುಟ್ಟ ಯಂತ್ರ ಕೂರಿಸಿದರು. ತಾಳ ತಪ್ಪಿದರೆ ಅದೇ ಶಾಕ್ ಕೊಟ್ಟು ಸರಿ ಮಾಡುತ್ತದೆ. ದಿನವೂ ಒಂದು ಗುಳಿಗೆ. ಯಾವ ಯಾವ ಔಷಧಿ ತೆಗೆದುಕೊಳ್ಳಬಾರದು ಎಂಬ ಕಾರ್ಡೊಂದನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಲಾರಾಂ ಗಡಿಯಾರ ಬೇಡ, ಫೋನು ಸೈಲೆಂಟಿನಲ್ಲಿರಲಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ದಿನವೇ ವೈಶಾಲಿ ಇಲೆಕ್ಟ್ರಿಶಿಯನ್‌ನನ್ನು ಕರೆಸಿ ಬಾಗಿಲ ಬೆಲ್ ತೆಗೆಸಿದಳು. ಯಾಕೆ ಎಂದು ರಾಚವ್ವ ಕೇಳಿದಳು. ಸ್ನೇಹಲಳಿಗೆ ಒಮ್ಮೆಲೇ ಸಪ್ಪಳ ಆದರೆ ಗುಂಡಿಗೆಯ ತಾಳ ತಪ್ಪಿ ಬೀಳುತ್ತಾಳಂತೆ ಎಂದು ವೈಶಾಲಿ ಹೇಳಿದಳು. ಅಲ್ಲಿಯವರೆಗೆ ರಾಚವ್ವನಿಗೆ, ಹುಡುಗಿಗೆ ಆಫೀಸಿನಲ್ಲಿ ಹಾರ್ಟಿನ ತ್ರಾಸಾಯಿತು ಎಂಬಷ್ಟೇ ಗೊತ್ತಿತ್ತು.

"ಸಪ್ಪಳಕ್ಕ?" ಎಂದಳು. 

ಮರುದಿನ ವೈಶಾಲಿ ತರಕಾರಿಗೆ ಹೋದಾಗ ಅವಳು ಸ್ನೇಹಲಳ ಮಂಚದ ಮೇಲೆ ಬಂದು ಕೂತಳು. ಬೀಳುವ ಮೊದಲು ಏನಾಯಿತು ಎಂದು ವಿಚಾರಿಸಿದಳು. ಸ್ನೇಹಲಳಿಗೆ ಕನ್ನಡ ತಿಳಿಯುತ್ತಿತ್ತು, ಮಾತಾಡುವಾಗ ತಡವರಿಸುತ್ತಿದ್ದಳು.

"ಏನೂ ಆಗ್ಲಿಲ್ಲ ಅತ್ತಿ. ಬಸ್, ಲೈಟ್ ಬಂದ್ ಮಾಡಿದಂಗ. ಆಮ್ಯಾಲ ಚಾಲೂ ಆತು."

ರಾಚವ್ವ, ತನ್ನದೂ ಹಾಗೇ ಎಂದಳು. ಊರಲ್ಲಿ ಪೂವಪ್ಪ ಎಂಬವನಿಗೆ ನಿಜವಾದ ಫಿಟ್ಸ್ ಇತ್ತು, ಅವನನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಬರುವ ಮೊದಲೇ ಅವನಿಗೆ ಸೂಚನೆ ಸಿಗುತ್ತಿತ್ತು. ಎದ್ದ ಮೇಲೆ ಅರ್ಧ ದಿನ ಯಾರ ಗುರುತೂ ಹಿಡಿಯುತ್ತಿರಲಿಲ್ಲ. ತನಗೆ ಮಾತ್ರ ಕಣ್ಣು ಬಿಟ್ಟ ಕೂಡಲೇ ಎಲ್ಲ ನೆನಪಿರುತ್ತಿತ್ತು, ಎದುರಿಗೆ ನಿಂತವರ ಮಾತೆಲ್ಲ ಕೇಳಿಸುತ್ತಿತ್ತು. ಇದು ಬೇರೆ ಏನೋ ಇದೆ ಎಂದು ಅನಿಸಿದ್ದೂ ಉಂಟು. ಆದರೆ ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ.

ಅತ್ತೆಗೆ ಫಿಟ್ಸ್ ಇರುವುದನ್ನು ಅಪ್ಪ ಡಾಕ್ಟರಿಗೆ ಹೇಳಿಯೇ ಇಲ್ಲ ಎಂಬುದು ಸ್ನೇಹಲಳಿಗೆ ಆ ಸಂಜೆ ಅಮ್ಮನಿಂದ ಗೊತ್ತಾಯಿತು. ಅವಳು ಅಪ್ಪನನ್ನು ಕೇಳಿದಳು. ಶೆಟ್ಟೆಪ್ಪ ಮೊದಲು ರೇಗಿದ, ಆಮೇಲೆ ಬೇಡಿಕೊಂಡ. ಬೆಳಗಾವಿಯವರದು ಒಂದು ಇತ್ಯರ್ಥವಾಗಲಿ, ಅಕ್ಕನನ್ನು ಆಮೇಲೆ ಯಾವ ಡಾಕ್ಟರ ಹತ್ತಿರ ಬೇಕಾದರೂ ಕರೆದುಕೊಂಡು ಹೋಗೋಣ, ಇಷ್ಟು ವರ್ಷ ಇದ್ದದ್ದು ಇನ್ನೆರಡು ತಿಂಗಳಲ್ಲಿ ಎಲ್ಲಿ ಓಡಿಹೋಗುತ್ತದೆ ಎಂದ. ಒಳಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದ ರಾಚವ್ವನಿಗೆ ಎಲ್ಲ ಕೇಳಿಸಿತು.

ದಾರಿ ಮಾಡಿಕೊಟ್ಟವಳು ವೈಶಾಲಿ. ಮುಂದಿನ ವಾರ ಸ್ನೇಹಲ್ ಹೊಲಿಗೆ ತೋರಿಸಲು ಹೋಗಬೇಕಿತ್ತು. ತನಗೆ ಸೊಂಟನೋವು, ಜೊತೆಗೆ ಅಕ್ಕಾರು ಹೋಗುತ್ತಾರೆ ಎಂದು ಗಂಡನಿಗೆ ಹೇಳಿದಳು. ಶೆಟ್ಟೆಪ್ಪನಿಗೆ ಅರ್ಥವಾಯಿತೋ ಇಲ್ಲವೋ, ಅವನು ಊಟದ ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೋದ. ರಾಚವ್ವ, ಸ್ನೇಹಲ್ ಇಬ್ಬರೂ ಟ್ಯಾಕ್ಸಿ ಮಾಡಿಕೊಂಡು ಅಂಧೇರಿಗೆ ಹೋದರು. ಮಳೆ ಹಿಡಿದಿತ್ತು, ಸಾಯನ್ನಿನಲ್ಲಿ ನೀರು ನಿಂತು ಗಾಡಿಗಳು ಆಮೆಯಂತೆ ಸಾಗುತ್ತಿದ್ದವು. ರಾಚವ್ವ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: ಎದೆಗೆ ಪಟ್ಟಿ ಹಚ್ಚುವವರು ಹೆಂಗಸರೇ ಇರುತ್ತಾರಾ ಎಂದು.

ಹೆಂಗಸೇ ಇದ್ದಳು. ಎದೆಗೆ ತಣ್ಣಗಿನ ಜೆಲ್ ಹಚ್ಚಿ, ವಾಯರುಗಳನ್ನು ಸಿಕ್ಕಿಸಿ, ಮಾತಾಡಬೇಡಿ ಎಂದು ಮರಾಠಿಯಲ್ಲಿ ಹೇಳಿದಳು. ಎರಡು ನಿಮಿಷದ ಕೆಲಸ. ವಿಜೇತಾ ಆ ಕಾಗದವನ್ನು ಸ್ನೇಹಲಳ ಕಾಗದದ ಪಕ್ಕದಲ್ಲಿಟ್ಟು ಅಳೆದು ನೋಡಿದರು. ರಾಚವ್ವನಿಗೆ ಮೊದಲ ಸಲ ಬಿದ್ದದ್ದು ಎಲ್ಲಿ, ಆಮೇಲೆ ಯಾವಾಗ, ಎಚ್ಚರವಾಗಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ನಾಲಿಗೆ ಕಚ್ಚಿಕೊಂಡದ್ದು ಉಂಟೋ ಎಂದು ಕೇಳುತ್ತ ಹೋದರು. ರಾಚವ್ವ ಪಟಾಕಿಯಿಂದ ಶುರು ಮಾಡಿ ಎಲ್ಲ ಹೇಳಿದಳು. ಮಧ್ಯದಲ್ಲಿ ಒಮ್ಮೆಯೂ ಅಳಲಿಲ್ಲ.

"ಅಮ್ಮ, ನಿಮಗೆ ಇರುವುದು ಫಿಟ್ಸ್ ಅಲ್ಲ. ಸ್ನೇಹಲಳಿಗೆ ಇರುವುದೇ ನಿಮಗೂ ಇರುವುದು," ಎಂದರು ವಿಜೇತಾ.

"ಮೊದ್ಲಿಂದ?"

"ಹುಟ್ಟಿದಾಗಿನಿಂದ."

ಹಾಗಾದರೆ ಇಷ್ಟು ವರ್ಷ ತಿಂದ ಗುಳಿಗೆ ಯಾತಕ್ಕೆ ಎಂದು ರಾಚವ್ವ ಕೇಳಿದಳು. ಅದು ಬೇಕಿರಲಿಲ್ಲವೆಂದೇ ಕಾಣುತ್ತದೆ, ಆದರೆ ಒಮ್ಮೆಗೇ ನಿಲ್ಲಿಸುವುದು ಅಪಾಯ, ನರರೋಗದ ಡಾಕ್ಟರು ನೋಡಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ, ಹೃದಯದ ಗುಳಿಗೆ ಮಾತ್ರ ಇವತ್ತಿನಿಂದಲೇ ಶುರು ಎಂದು ಡಾಕ್ಟರು ಹೇಳಿದರು. ಮತ್ತೂ ಒಂದು ಮಾತು ಹೇಳಿದರು. ಸ್ನೇಹಲಳಿಗೂ ಅವಳ ಸೋದರತ್ತೆಗೂ ಒಂದೇ ತೊಂದರೆ ಇದ್ದ ಮೇಲೆ ನಡುವೆ ಇರುವವರು ಅವಳ ತಂದೆ. ಅವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ರಾಚವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನನ್ನ ತಮ್ಮನ್ನ ಇಲ್ಲಿಗೇ ಕರಸ್ರಿ ಡಾಕ್ಟರ. ಇದು ಫಿಟ್ಸ್ ಅಲ್ಲಾ ಅಂತ ಅವನ ಮುಂದ ನೀವು ಹೇಳ್ರಿ. ನಾ ಹೇಳಿದ್ರ ನಂಬಾಂಗಿಲ್ಲ."

ಶೆಟ್ಟೆಪ್ಪ ಎರಡು ದಿನ ಬಿಟ್ಟು ಬಂದ. ಸ್ನೇಹಲ್ ಅವನಿಗೆ ಬೈಯಲಿಲ್ಲ, ನೀವು ಬರದಿದ್ದರೆ ನಾನು ಗುಳಿಗೆ ತೆಗೆದುಕೊಳ್ಳುವುದಿಲ್ಲ ಎಂದಷ್ಟೇ ಹೇಳಿದ್ದಳು. ವಿಜೇತಾ ಅವನೆದುರಿಗೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಅವನ ಇಸಿಜಿ ಸರಿಯೆಂದೂ ತಪ್ಪೆಂದೂ ಹೇಳಲಾಗದ ಅಂಚಿನಲ್ಲಿತ್ತು. ಕೆಲವು ವಾರಗಳ ಮೇಲೆ ರಕ್ತದ ಪರೀಕ್ಷೆಯ ವರದಿ ಬಂದಾಗ ಮೂವರಿಗೂ ಒಂದೇ ದೋಷ ಇರುವುದು ಖಾತ್ರಿಯಾಯಿತು. ತಾನು ಒಂದು ದಿನವೂ ಬಿದ್ದವನಲ್ಲ, ಧ್ವಜವಂದನೆಯಲ್ಲಿ ಪೊಲೀಸ್ ಬ್ಯಾಂಡಿನ ಪಕ್ಕದಲ್ಲೇ ನಿಂತವನು ಎಂದು ಶೆಟ್ಟೆಪ್ಪ ವಾದಿಸಿದ. ಹಾಗೂ ಇರುತ್ತದೆ, ಇದ್ದೂ ಜೀವನವಿಡೀ ತೋರದವರು ಇದ್ದಾರೆ, ಅದರಲ್ಲೂ ಈ ಬಗೆಯದು ಹೆಂಗಸರಿಗೇ ಹೆಚ್ಚು ಕಾಡುತ್ತದೆ ಎಂದು ಡಾಕ್ಟರು ವಿವರಿಸಿದರು.

ಮನೆಗೆ ಮರಳುವಾಗ ಬಸ್ ಸ್ಟಾಪಿನಲ್ಲಿ ಶೆಟ್ಟೆಪ್ಪ ಜೊತೆಗೆ ಬಂದಿದ್ದ ಹೆಂಡತಿಗೆ, ಅವತ್ತು ನಿನ್ನ ಸೋದರಮಾವನ ಹೆಸರು ತೆಗೆಯಬಾರದಿತ್ತು ಎಂದ. ವೈಶಾಲಿ ಹೌದು ಎಂದಳು. ಅಕ್ಕನಿಗೆ ಅವನು ಏನೂ ಹೇಳಲಿಲ್ಲ. ಹೇಳಬೇಕೆಂದು ಎರಡು ಮೂರು ಸಲ ಅವಳ ಹತ್ತಿರ ಹೋಗಿ ಕೂತದ್ದುಂಟು. ಕೂತು ಪೇಪರ್ ಓದಿ ಎದ್ದು ಬರುತ್ತಿದ್ದ.

ಬೆಳಗಾವಿಯ ಹುಡುಗನಿಗೆ ಸ್ನೇಹಲ್ ತಾನೇ ಫೋನು ಮಾಡಿ ಎಲ್ಲ ತಿಳಿಸಿದಳು. ಅವನು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ, ಸಮಾಧಾನದಿಂದ ಕೇಳಿಸಿಕೊಂಡ. ಒಂದು ವಾರದ ಮೇಲೆ ಅವನ ತಂದೆ ಫೋನು ಮಾಡಿ ಜಾತಕ ಕೂಡಲಿಲ್ಲ ಎಂದರು. ಜಾತಕ ಮೊದಲೇ ಕೂಡಿತ್ತು. ಸ್ನೇಹಲ್ ಎರಡು ದಿನ ಮನೆಯಲ್ಲೇ ಇದ್ದಳು. ಮೂರನೆಯ ದಿನ ಆಫೀಸಿಗೆ ಹೋದಳು. ಅಲ್ಲಿ ಅವಳ ಮೇಜನ್ನು ಸೈರನ್ನಿನಿಂದ ದೂರ ಹಾಕಿದ್ದರು.

ಚಳಿಗಾಲದ ಹೊತ್ತಿಗೆ ರಾಚವ್ವನ ಹಳೆಯ ಗುಳಿಗೆ ಪೂರ್ತಿ ನಿಂತಿತು. ಮಧ್ಯಾಹ್ನದ ಮಂಪರು ಹೋಯಿತು. ವೈಶಾಲಿ ಅವಳನ್ನು ನೋಡಿ ಬೆರಗಾದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ರಾಚವ್ವ ಇಷ್ಟು ಮಾತುಗಾರಳು ಎಂದು ಅವಳಿಗೆ ಗೊತ್ತಿರಲಿಲ್ಲ. ಬಿಲ್ಡಿಂಗಿನ ತಮಿಳು ಹೆಂಗಸರ ಜೊತೆ ಹರಕು ಹಿಂದಿಯಲ್ಲಿ ಹರಟೆ ಹೊಡೆಯುವಳು, ಟೀವಿಯ ಸುದ್ದಿ ನೋಡಿ ಟೀಕೆ ಮಾಡುವಳು. ಸಿಟ್ಟು ಬಂದದ್ದೂ ಆಗಲೇ. ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಅತ್ತಳು. ವೈಶಾಲಿ ಹಂಚಿನ ಮೇಲಿನ ರೊಟ್ಟಿ ತೆಗೆದು ಗ್ಯಾಸ್ ಆರಿಸಿದಳು.

"ಆ ಸೊಲ್ಲಾಪುರದ ಮನಿ ಅಷ್ಟೇನೂ ಚಲೋ ಇರ್ಲಿಲ್ಲ ವೈಶಾಲಿ," ಎಂದಳು ರಾಚವ್ವ, ಮೂಗು ಒರೆಸಿಕೊಂಡು. "ಆ ಗಂಡಸೂ ಅಷ್ಟಕ್ಕಷ್ಟ. ಅಲ್ಲಿ ನಾ ಬಾಳ್ತಿದ್ನೋ ಇಲ್ಲೋ. ಆದ್ರ ಬಿಟ್ಟು ಬರೋದಿದ್ರ ನಾನಽ ಬಿಟ್ಟು ಬರಬೇಕಿತ್ತು. ಅವರು ತಂದು ಒಗೀಬಾರದಿತ್ತು."

ಜನವರಿಯಲ್ಲಿ ತಪಾಸಣೆಗೆ ಹೋದಾಗ ವಿಜೇತಾ ಇನ್ನೊಬ್ಬ ತಮ್ಮನ ವಿಷಯ ಎತ್ತಿದರು. ಸಿದ್ದರಾಮಪ್ಪನಿಗೆ ಶೆಟ್ಟೆಪ್ಪ ಫೋನಿನಲ್ಲಿ ಹೇಳಿದ್ದ. ಮುಂಬಯಿ ಡಾಕ್ಟರುಗಳಿಗೆ ಬೇರೆ ಕೆಲಸವಿಲ್ಲ ಎಂದು ಅವನು ನಕ್ಕು ಬಿಟ್ಟಿದ್ದ. ಅವನ ಮಗಳು ಸೇವಂತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂದು ರಾಚವ್ವ ಮಾತಿಗೆ ಹೇಳಿದಳು. ಡಾಕ್ಟರ ಮುಖ ಗಂಭೀರವಾಯಿತು. ಈ ತೊಂದರೆ ಇದ್ದವರಿಗೆ ಹೆರಿಗೆಯ ನಂತರದ ತಿಂಗಳುಗಳೇ ಹೆಚ್ಚು ಅಪಾಯದ್ದು, ನಿದ್ದೆಗೆಟ್ಟು, ಮಗುವಿನ ಅಳುವಿಗೆ ಬೆಚ್ಚಿ ಏಳುವಾಗಲೇ ತಾಳ ತಪ್ಪುವುದುಂಟು, ಅವಳಿಗೆ ಇದೆಯೋ ಇಲ್ಲವೋ ಮೊದಲೇ ನೋಡಿಬಿಡಿ ಎಂದರು.

ಆ ವಾರವೇ ರಾಚವ್ವ, ಶೆಟ್ಟೆಪ್ಪ ಇಬ್ಬರೂ ದಾದರಿನಲ್ಲಿ ಗದಗ ರೈಲು ಹತ್ತಿದರು. ತನ್ನನ್ನು ಬೇಡವೆಂದ ಮನೆಗೆ ಅವಳು ಇಪ್ಪತ್ತು ವರ್ಷದ ಮೇಲೆ ಹೋಗುತ್ತಿದ್ದಳು. ಸಿದ್ದರಾಮಪ್ಪ ಬರಮಾಡಿಕೊಂಡ, ಚಹಾ ಕೊಡಿಸಿದ, ಆಸ್ಪತ್ರೆಯ ಮಾತು ಬಂದಾಗ ಮುಖ ತಿರುಗಿಸಿದ. ಬಸುರಿಯನ್ನು ಎಲ್ಲೆಲ್ಲೋ ಅಡ್ಡಾಡಿಸುವುದು ಬೇಡ, ಬೀಗರಿಗೆ ಗೊತ್ತಾದರೆ ಅವಳ ಗತಿಯೇನು ಎಂದ. ಶೆಟ್ಟೆಪ್ಪ ಬಾಯಿ ತೆರೆದ.

"ನಾನೂ ಡಾಕ್ಟರ ಮುಂದ ನಮ್ಮನ್ಯಾಗ ಯಾರಿಗೂ ಏನೂ ಇಲ್ಲ ಅಂದೆ, ಸಿದ್ದೂ. ಅಕ್ಕ ಮನ್ಯಾಗ ಕೂತಿದ್ಲು. ಇಲ್ಲ ಅಂದೆ. ಆಕೀನ್ನ ನಲವತ್ತು ವರ್ಷ ನಾವಽ ಕೂಡಿ ರೋಗಿಷ್ಠಿ ಮಾಡಿದ್ವಿ."

ಅಕ್ಕನಿಗೆ ನೇರವಾಗಿ ಹೇಳಲಾಗದ್ದನ್ನು ಅವನು ತಮ್ಮನಿಗೆ ಹೇಳಿದ. ರಾಚವ್ವ ಗೋಡೆಗೆ ಒರಗಿ ಕೂತು ಕೇಳಿದಳು. ಸಿದ್ದರಾಮಪ್ಪ ಇನ್ನೂ ಏನೋ ಅನ್ನುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೋದ ತಿಂಗಳು ಸೇವಂತಿ ದೇವರ ಕೋಣೆಯಲ್ಲಿ ಗಂಟೆ ಬಾರಿಸಿದಾಗ ಬಿದ್ದಿದ್ದಳು, ಬಸುರಿ ಎಂದು ತಾವು ಸುಮ್ಮನಾದೆವು ಎಂದಳು. ನಾಳೆಯೇ ವಿಜಯಪುರಕ್ಕೆ ಹೋಗೋಣ ಎಂದವಳೂ ಅವಳೇ.

ಸಿದ್ದರಾಮಪ್ಪನಿಗೂ ಇತ್ತು, ಸೇವಂತಿಗೂ ಇತ್ತು. ವಿಜಯಪುರದ ಡಾಕ್ಟರು ವಿಜೇತಾ ಅವರ ಜೊತೆ ಫೋನಿನಲ್ಲಿ ಮಾತಾಡಿ ಗುಳಿಗೆ ಶುರು ಮಾಡಿದರು. ಹೆರಿಗೆ ಹಳ್ಳಿಯಲ್ಲಿ ಬೇಡ, ದೊಡ್ಡ ಆಸ್ಪತ್ರೆಯಲ್ಲೇ ಆಗಲಿ ಎಂದು ಗೊತ್ತು ಮಾಡಿದರು. ಸೇವಂತಿಯ ಗಂಡನಿಗೆ ಶೆಟ್ಟೆಪ್ಪನೇ ಹೋಗಿ ಹೇಳಿಬಂದ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ಗಂಟೆ ಯೋಚಿಸಿದವನು, ಅವಳ ಫೋನನ್ನು ಸೈಲೆಂಟಿನಲ್ಲಿ ಇಡುವುದು ಹೇಗೆ ಎಂದು ಕೇಳಿದನಂತೆ.

ಶೆಟ್ಟೆಪ್ಪ ಮುಂಬಯಿಗೆ ಮರಳಿದ. ರಾಚವ್ವ ಬಾಣಂತನಕ್ಕೆ ಉಳಿದಳು. ಫೆಬ್ರುವರಿಯಲ್ಲಿ ಸೇವಂತಿಗೆ ಹೆಣ್ಣುಮಗು ಆಯಿತು. ಮಗು ಕುಸುಗುಟ್ಟಿದ ಕೂಡಲೇ, ಅದು ದನಿ ತೆಗೆದು ಅಳುವ ಮೊದಲೇ ಎತ್ತಿಕೊಳ್ಳಬೇಕು ಎಂದು ರಾಚವ್ವ ಮನೆಯವರಿಗೆಲ್ಲ ಪಾಳಿ ಹಾಕಿದಳು. ಸಿದ್ದರಾಮಪ್ಪನೂ ಪಾಳಿಯಲ್ಲಿದ್ದ. ಮೂರು ತಿಂಗಳು ಸೇವಂತಿ ಒಮ್ಮೆಯೂ ಬೀಳಲಿಲ್ಲ.

ಮಗುವಿನ ಇಸಿಜಿಯಲ್ಲೂ ಅದೇ ಗುರುತು ಕಂಡಿತು. ಸೇವಂತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ರಾಚವ್ವ ಮಗುವನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು, ಔಷಧಿಯ ಹನಿ ಎಷ್ಟು, ಯಾವಾಗ, ವಾಂತಿ ಮಾಡಿಕೊಂಡರೆ ಮತ್ತೆ ಕೊಡಬೇಕೋ ಬೇಡವೋ ಎಂದು ನರ್ಸಿನ ಹತ್ತಿರ ಕೇಳಿಕೊಂಡಳು. ಮೇ ತಿಂಗಳಲ್ಲಿ ಅವಳು ಮುಂಬಯಿಗೆ ಹೊರಟಾಗ ಸಿದ್ದರಾಮಪ್ಪ ಜೊತೆಗೆ ಬರುತ್ತೇನೆ ಎಂದ. ಬೇಡ, ಕೂಸು ನೋಡಿಕೋ, ನಾನೊಬ್ಬಳೇ ಹೋಗುತ್ತೇನೆ ಎಂದು ಹೇಳಿ ಅವಳು ರೈಲಿನ ಹೆಂಗಸರ ಡಬ್ಬಿ ಹತ್ತಿದಳು.